ಏಳು ದಿನಕ್ಕೊಂದು ವರ್ಷ!

ಚೆನ್ನೈನ ಪೆರುಂಗುಡಿಯ ಐಟಿ ಕಟ್ಟಡಗಳ ಬೆಳಕಲ್ಲಿ ರಾತ್ರಿ ನಕ್ಷತ್ರ ಕಾಣೋದೇ ಅಪರೂಪ. ಇನ್ನು 731 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದರ ಪಕ್ಕದಲ್ಲಿರೋ ಗ್ರಹವನ್ನ ನಮ್ಮ ದೇಶದ ವಿಜ್ಞಾನಿಗಳು ಹಿಡಿದದ್ದು ಹೇಗೆ?

ಅದರ ಹೆಸರು ಟಿಒಐ-4603ಬಿ. ಗುರುವಿನಷ್ಟೇ ಗಾತ್ರ, ತೂಕ ಮಾತ್ರ ಸುಮಾರು 13 ಪಟ್ಟು! ಸೀಸಕ್ಕಿಂತ ಸಾಂದ್ರ. ಭೂಮಿ-ಸೂರ್ಯರ ಅಂತರದ ಹತ್ತನೇ ಒಂದು ಭಾಗಕ್ಕಿಂತ ಹತ್ತಿರದಲ್ಲಿ, ಬರೀ 7.25 ದಿನಕ್ಕೊಂದು ಸುತ್ತು. ಕಾವು ಸುಮಾರು 1,400 ಡಿಗ್ರಿ ಸೆಲ್ಸಿಯಸ್.

ಮೊದಲ ಸುಳಿವು ಕೊಟ್ಟಿದ್ದು ನಾಸಾದ ಟೆಸ್ ಉಪಗ್ರಹ. ಗ್ರಹ ಅಡ್ಡ ಬಂದಾಗಲೆಲ್ಲ ನಕ್ಷತ್ರದ ಬೆಳಕು ಚೂರು ಮಂಕಾಗ್ತಿತ್ತು. ಅದರಿಂದ ಗಾತ್ರ ಗೊತ್ತಾಗುತ್ತೆ, ತೂಕ ಗೊತ್ತಾಗಲ್ಲ.

ತೂಗಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ತಂಡ. ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿ ನೋಡಿ, ನೀವೂ ಸ್ವಲ್ಪ ವಾಲ್ತೀರಿ. ಗ್ರಹ ಸುತ್ತುವಾಗ ನಕ್ಷತ್ರವೂ ಹಾಗೇ ವಾಲುತ್ತೆ. ನಮ್ಮತ್ತ ಬಂದಾಗ ಅದರ ಬೆಳಕು ತುಸು ನೀಲಿಯತ್ತ, ದೂರ ಸರಿದಾಗ ಕೆಂಪಿನತ್ತ ಜರಗುತ್ತೆ. ಮೌಂಟ್ ಅಬುವಿನ ಗುರುಶಿಖರದಲ್ಲಿ, 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ 'ಪಾರಸ್' ರೋಹಿತಮಾಪಕ ಆ ಸೂಕ್ಷ್ಮ ಜರುಗುವಿಕೆಯನ್ನ ಅಳೆಯಿತು. ಫಲಿತಾಂಶ ಬಂದದ್ದು 2023ರಲ್ಲಿ. ಆಗ ಇಲ್ಲಿಗೆ ತಲುಪಿದ ಬೆಳಕು ಅಲ್ಲಿಂದ ಹೊರಟದ್ದು ಹೊಯ್ಸಳರ ಕಾಲದಲ್ಲಿ!

ಇಷ್ಟು ಭಾರದ ಗ್ರಹ ಅಷ್ಟು ಹತ್ತಿರದಲ್ಲಿ ಹುಟ್ಟೋದು ಕಷ್ಟ. ಅದರ ಕಕ್ಷೆಯೂ ದುಂಡಗಿಲ್ಲ, ಎಳೆದಂತೆ ಉದ್ದುದ್ದ. ದೂರದಲ್ಲಿ ಹುಟ್ಟಿ ಒಳಗೆ ಸರಿದು ಬಂದಿರಬೇಕು ಅನ್ನೋದಕ್ಕೆ ಇದೇ ಸುಳಿವು. ನನಗಂತೂ ಇದು ತೂಕಕ್ಕಿಂತ ದೊಡ್ಡ ಸುದ್ದಿ.

ಚೆನ್ನೈ ಕನ್ನಡಿಗರೇ, ದೂರದರ್ಶಕ ನೋಡೋಕೆ ಮೌಂಟ್ ಅಬುವರೆಗೆ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸೋ ವೈನು ಬಪ್ಪು ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲೇ ಇದೆ. ಪ್ರವೇಶದ ದಿನ ವಿಚಾರಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿಬನ್ನಿ.