ಯುನೆಸ್ಕೊ ಪಟ್ಟಿಗೆ ಸೇರದ ಬಂಡೂರು ಕುರಿ

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡುಗಳ ಜೊತೆಗೆ ಸೋಮನಾಥಪುರದ ಕೇಶವ ದೇವಾಲಯವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಗುಡಿ ಅದು. ಬಳಪದ ಕಲ್ಲಿನ ಮೂರ್ತಿಗಳ ಕೆಳಗೆ ಮಲ್ಲಿತಮ್ಮನಂಥ ಶಿಲ್ಪಿಗಳ ಹೆಸರನ್ನು ಇವತ್ತಿಗೂ ಓದಬಹುದು. ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳಿಗೆ ಮೇಷ್ಟ್ರು ಇದನ್ನೆಲ್ಲ ಹೇಳಿರುತ್ತಾರೆ. ಅದೇ ಕಾವೇರಿ ಸೀಮೆಯಲ್ಲಿ, ಮಳವಳ್ಳಿ ತಾಲ್ಲೂಕಿನಲ್ಲಿ, ಬಂಡೂರು ಎಂಬ ಊರಿದೆ. ಆ ಊರಿನ ಹೆಸರು ಹೊತ್ತ ಕುರಿ ತಳಿಯೊಂದಿದೆ. ಅದನ್ನು ರೂಪಿಸಿದವರೂ ಈ ಸೀಮೆಯ ಜನರೇ. ಅದಕ್ಕೂ ಎಷ್ಟೋ ತಲೆಮಾರುಗಳ ತಾಳ್ಮೆ ಬೇಕಾಯಿತು. ಆದರೆ ಅವರ ಹೆಸರು ಎಲ್ಲೂ ಕೆತ್ತಿಲ್ಲ, ಅವರ ಕೆಲಸವನ್ನು ನಾವು ಪರಂಪರೆ ಎಂದು ಕರೆಯುವುದೂ ಇಲ್ಲ. ಕರೆಯಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು, ಜೊತೆಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದಿಷ್ಟು ಊರುಗಳು: ಬಂಡೂರು ಕುರಿಯ ತವರು ಇಷ್ಟೇ. ಪಕ್ಕದ ಬನ್ನೂರಿನ ಹೆಸರಿನಿಂದಲೂ ಅದನ್ನು ಕರೆಯುವುದುಂಟು. ಸರ್ಕಾರಿ ದಾಖಲೆಗಳಲ್ಲಿ ಅದು ‘ಮಂಡ್ಯ’ ತಳಿ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ದೇಶದ ನಲವತ್ತಕ್ಕೂ ಹೆಚ್ಚು ಕುರಿ ತಳಿಗಳನ್ನು ನೋಂದಾಯಿಸಿದೆ. ಅವುಗಳಲ್ಲಿ ಕರ್ನಾಟಕದ ತಳಿಗಳೂ ಇವೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಒಣಭೂಮಿಯ ಡೆಕ್ಕನಿ ಕುರಿ ಕಂಬಳಿಗೆ ಕರಿಯುಣ್ಣೆ ಕೊಡುತ್ತದೆ. ರಾಯಚೂರು, ಕೊಪ್ಪಳದ ಕಡೆಯ ಕೆಂಗುರಿಯ ಮೈಬಣ್ಣ ಹೆಸರೇ ಹೇಳುವಂತೆ ಕೆಂಪು. ಬಳ್ಳಾರಿ, ಹಾಸನದ ಹೆಸರಿನ ತಳಿಗಳೂ ಇವೆ. ಇವೆಲ್ಲವುಗಳ ನಡುವೆ ಬಂಡೂರು ಕುಳ್ಳಗಿನದು, ದುಂಡಗಿನದು, ಮೆತ್ತನೆಯದು. ಅದರ ಉಣ್ಣೆ ಒರಟು, ಕಂಬಳಿಗೆ ಬಾರದು. ಈ ಸೀಮೆಯ ಜನ ಅದನ್ನು ಸಾಕಿದ್ದು ಮಾಂಸಕ್ಕೆ. ಮಾಂಸದ ಎಳೆ ಎಳೆಯ ನಡುವೆಯೂ ಕೊಬ್ಬು ಸಣ್ಣಗೆ ಹರಡಿಕೊಂಡಿರುತ್ತದೆ. ಅದರ ಮೃದುತ್ವಕ್ಕೂ ರುಚಿಗೂ ಇದೇ ಕಾರಣ.

ಅಪ್ಪಟ ಬಂಡೂರನ್ನು ಗುರುತಿಸುವುದು ಹೇಗೆ? ಟಗರಿನ ಹಿಂದೆ ಹೋಗಿ ನಿಲ್ಲಿ. ಹಿಂಗಾಲುಗಳು ಗಿಡ್ಡವಾಗಿ, ಅಗಲವಾಗಿ ಊರಿಕೊಂಡಿರುತ್ತವೆ. ಎರಡೂ ತೊಡೆಗಳು ಮೇಲೆ ಹೋಗಿ ದುಂಡಗೆ ಕೂಡಿಕೊಂಡು, ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗು ಮಾಡಿಟ್ಟ ಹಾಗೆ ಕಾಣುತ್ತದೆ. ಪಶುವೈದ್ಯರೂ ತಳಿಯ ಲಕ್ಷಣ ಬರೆಯುವಾಗ ಈ ಮಾತನ್ನೇ ಬಳಸುತ್ತಾರೆ. ಪಕ್ಕಕ್ಕೆ ಬಂದು ನೋಡಿದರೆ ಮೈ ಉದ್ದಕ್ಕೂ ಒಂದೇ ಸಮ ದುಂಡಗಿದೆ. ಬಣ್ಣ ಬಿಳಿ, ಕೆಲವಕ್ಕೆ ಮುಖದ ಮೇಲೆ ತೆಳು ಕಂದು ಇಳಿದಿರುತ್ತದೆ. ಗಂಡಿಗೂ ಕೊಂಬಿಲ್ಲ, ಹೆಣ್ಣಿಗೂ ಕೊಂಬಿಲ್ಲ. ಬಾಲ ಗಿಡ್ಡ, ತೆಳ್ಳಗಿನದು. ಅನೇಕ ಕುರಿಗಳ ಗಂಟಲ ಕೆಳಗೆ ಎರಡು ಚರ್ಮದ ತುಣುಕು ಜೋತಾಡುತ್ತವೆ. ಬೆಳೆದ ಟಗರು ತೂಗುವುದು ಸುಮಾರು 35 ಕೆ.ಜಿ., ಹೆಣ್ಣು ಸುಮಾರು 25. ಐದು ತಿಂಗಳು ಗಬ್ಬವಾಗಿದ್ದು ಹೆಚ್ಚಾಗಿ ಒಂದೇ ಮರಿ ಹಾಕುತ್ತದೆ.

ಇನ್ನು ಬಾಯಿ ಬಿಡಿಸಿ ನೋಡಿ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ! ಗಾಬರಿ ಬೇಡ, ಯಾವ ಕುರಿಗೂ ಅಲ್ಲಿ ಹಲ್ಲಿರುವುದಿಲ್ಲ. ಗಟ್ಟಿಯಾದ ದಿಂಡಿನಂಥ ಒಸಡಿದೆ. ಕೆಳಗಿನ ಎಂಟು ಹಲ್ಲುಗಳನ್ನು ಅದಕ್ಕೆ ಒತ್ತಿ ಹುಲ್ಲನ್ನು ಕಿತ್ತುಕೊಳ್ಳುತ್ತದೆ. ಸಂತೆಯಲ್ಲಿ ಕುರಿ ಕೊಳ್ಳುವವರು ಮೊದಲು ಕೇಳುವುದು ‘ಎಷ್ಟು ಹಲ್ಲು?’ ಎಂದೇ. ಹುಟ್ಟಿದಾಗಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಒಂದು, ಒಂದೂವರೆ ವರ್ಷಕ್ಕೆ ಬಿದ್ದು ದೊಡ್ಡ ಹಲ್ಲು ಬರುತ್ತವೆ. ಅದು ಎರಡು ಹಲ್ಲಿನ ಕುರಿ. ಎರಡು ವರ್ಷದ ಆಸುಪಾಸಿಗೆ ನಾಲ್ಕು ಹಲ್ಲು, ಆಮೇಲೆ ಆರು. ಎಂಟೂ ಬಂದರೆ ಬಾಯಿಗೂಡಿತು ಎಂದು ಲೆಕ್ಕ. ಹುಟ್ಟಿದ ದಿನಾಂಕ ಬರೆದಿಡದ ಊರಿನಲ್ಲಿ ವಯಸ್ಸು ತಿಳಿಯಲು ಇದಕ್ಕಿಂತ ನೆಚ್ಚಿಕೆಯ ದಾರಿ ಇಲ್ಲ.

ಕಣ್ಣನ್ನೂ ಗಮನಿಸಿ. ನಮ್ಮ ಪಾಪೆ ಗುಂಡಗಿದ್ದರೆ ಕುರಿಯದು ಅಡ್ಡಲಾಗಿ ಮಲಗಿದ ಆಯತ. ತಲೆ ಬಗ್ಗಿಸಿ ಮೇಯುತ್ತಿರುವಾಗಲೇ ಅದಕ್ಕೆ ಎಡಬಲ, ಹಿಂದುಮುಂದಿನ ಬಹುಪಾಲು ಕಾಣುತ್ತದೆ. ತೋಳನಿಗೆ ಹೆದರಿ ಬದುಕಿದ ಪ್ರಾಣಿಗೆ ಪ್ರಕೃತಿ ಕೊಟ್ಟ ಕಣ್ಣು ಇದು. ಕುರಿಗೆ ಬುದ್ಧಿಯಿಲ್ಲ ಎಂಬ ಮಾತನ್ನೂ ನಂಬಬೇಡಿ. ಇಂಗ್ಲೆಂಡಿನ ಬಾಬ್ರಹಾಮ್ ಸಂಸ್ಥೆಯ ವಿಜ್ಞಾನಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕುರಿಯೊಂದು ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಮೀರಿ ನೆನಪಿಟ್ಟುಕೊಳ್ಳಬಲ್ಲದು. ಮಂದೆಯ ಜೊತೆ ದಿನವಿಡೀ ಇರುವ ಕುರಿಗಾಹಿಗಳಿಗೆ ಇದು ಹೊಸ ಸುದ್ದಿಯಲ್ಲ.

ಬಂಡೂರು ಕುರಿ ಹೀಗೇಕೆ ಆಯಿತು ಎಂದು ತಿಳಿಯಬೇಕಾದರೆ ಈ ನೆಲವನ್ನು ನೋಡಬೇಕು. ಉತ್ತರ ಕರ್ನಾಟಕದ ಕುರಿಗಳ ಹಾಗೆ ಇವು ನೂರಾರು ಮೈಲಿ ವಲಸೆ ನಡೆಯುವ ದೊಡ್ಡ ಮಂದೆಗಳಲ್ಲ. ಇಲ್ಲಿ ಮನೆಗೆ ನಾಲ್ಕೋ ಹತ್ತೋ ಕುರಿ. ಹಗಲು ಬದುವಿನ ಮೇಲೆ, ಕೆರೆಯಂಗಳದಲ್ಲಿ ಮೇಯಿಸಿಕೊಂಡು ಬಂದು ಸಂಜೆ ಕೊಟ್ಟಿಗೆಯಲ್ಲಿ ಕಟ್ಟಿ ಅಗಸೆ ಸೊಪ್ಪು, ಹಲಸಿನ ಸೊಪ್ಪು, ಹುರುಳಿ ಕೊಟ್ಟು ಸಾಕುವ ಪದ್ಧತಿ. ಮಳವಳ್ಳಿಯ ಕಡೆ ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೂ ಕುರಿಯ ಪಾಲು. ದೂರ ನಡೆಯುವ ಅಗತ್ಯವಿಲ್ಲದ ಪ್ರಾಣಿಗೆ ಉದ್ದ ಕಾಲು ಬೇಕಾಗಲಿಲ್ಲ. ಹೆಚ್ಚಾಗಿ ಹೆಂಗಸರೇ ನೋಡಿಕೊಳ್ಳುವ ಕುರಿ ಸಾಧುವಾಗಿಯೂ ಇರಬೇಕಿತ್ತು. ದುಂಡಗಿನ, ಗಿಡ್ಡನೆಯ, ಕೊಂಬಿಲ್ಲದ ಟಗರನ್ನೇ ಪ್ರತಿ ತಲೆಮಾರಿನಲ್ಲೂ ಬೀಜಕ್ಕೆ ಉಳಿಸಿಕೊಳ್ಳುತ್ತ ಬಂದರು. ಕುರಿ ಕೊಡುವುದು ಮಾಂಸವನ್ನಷ್ಟೇ ಅಲ್ಲ. ಅದರ ನಾಲ್ಕು ಭಾಗದ ಹೊಟ್ಟೆಯೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ನಾವು ಅರಗಿಸಿಕೊಳ್ಳಲಾಗದ ಒಣಹುಲ್ಲನ್ನು ಕರಗಿಸುತ್ತವೆ. ಉಳಿದದ್ದು ಹಿಕ್ಕೆಯಾಗಿ ಹೊಲಕ್ಕೆ ಹೋಗುತ್ತದೆ. ಗೊಬ್ಬರದ ಚೀಲ ಬರುವ ಮೊದಲು ರಾಗಿ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿಕೊಳ್ಳಲು ರೈತರು ಕಾಳು ಅಳೆದುಕೊಡುತ್ತಿದ್ದರು.

1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಬಯಲುಗಳು ಭತ್ತ, ಕಬ್ಬಿನ ಗದ್ದೆಗಳಾದವು. ಜಿಲ್ಲೆಯ ಬಾಳು ಹಸನಾಯಿತು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೇ ಗೋಮಾಳಗಳೂ ಬೀಳುಭೂಮಿಯೂ ಕರಗುತ್ತ ಹೋದವು. ಆದರೂ ಬಂಡೂರು ಕುರಿಗೆ ನಿಜವಾದ ಅಪಾಯ ಮೇವಿನ ಕೊರತೆಯಿಂದಲ್ಲ, ಬೆರಕೆಯಿಂದ.

ಇದನ್ನು ಒಂದು ಲೆಕ್ಕವಾಗಿ ಮಾಡಿ ನೋಡಿ. ಊರಿನಲ್ಲಿ ಮೂವತ್ತು ಹೆಣ್ಣು ಕುರಿಗಳಿವೆ, ಎಲ್ಲವೂ ಅಪ್ಪಟ. ಅವಕ್ಕೆಲ್ಲ ಒಂದೇ ಟಗರು ಸಾಕು. ಬೇಗ ತೂಕ ಬರಲಿ ಎಂದು ಯಾರೋ ಎಳಗ ಎಂಬ ಬೇರೆ ತಳಿಯ ಎತ್ತರದ ಟಗರನ್ನು ತಂದು ಬಿಟ್ಟರು ಎಂದುಕೊಳ್ಳಿ. ಹುಟ್ಟುವ ಮರಿಗೆ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಅಲ್ಲಿಗೆ ಬಂಡೂರಿನ ಪಾಲು ಶೇ 50. ಆ ಮರಿ ಬೆಳೆದು ಮತ್ತೆ ಎಳಗ ಟಗರಿಗೆ ಕೂಡಿದರೆ ಶೇ 25. ಮೂರನೆಯ ತಲೆಮಾರಿಗೆ ಶೇ 12.5. ಕುರಿಯ ಒಂದು ತಲೆಮಾರಿಗೆ ಎರಡು ವರ್ಷಕ್ಕಿಂತ ಹೆಚ್ಚು ಬೇಕಿಲ್ಲ. ಇವತ್ತು ನಾಲ್ಕನೆಯ ತರಗತಿಯಲ್ಲಿರುವ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುವಷ್ಟರಲ್ಲಿ ಆ ಊರಿನಲ್ಲಿ ಬಂಡೂರು ತಳಿ ಹೆಸರಿಗಷ್ಟೇ ಉಳಿದಿರುತ್ತದೆ. ಕುರಿಗಳ ಸಂಖ್ಯೆ ಕಡಿಮೆಯಾಗಿರುವುದಿಲ್ಲ, ಹೆಚ್ಚೇ ಆಗಿರಬಹುದು. ಆದ್ದರಿಂದಲೇ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ತೊಂದರೆ ಹಬ್ಬದ ಬೇಡಿಕೆಯಿಂದ. ಯುಗಾದಿಯ ಮರುದಿನದ ಹೊಸತೊಡಕಿಗೆ, ಊರಹಬ್ಬಗಳಿಗೆ, ಬಕ್ರೀದಿಗೆ ಜನ ಹುಡುಕುವುದು ಮೈತುಂಬಿದ, ಲಕ್ಷಣವಾದ ಟಗರನ್ನು. ಬಂಡೂರು ಟಗರೊಂದು ಲಕ್ಷ ರೂಪಾಯಿ ದಾಟಿ ಮಾರಾಟವಾದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿದೆ. ಮನೆಯ ಕಷ್ಟಸುಖ ನೋಡಿಕೊಳ್ಳಬೇಕಾದ ರೈತ ಒಳ್ಳೆಯ ಬೆಲೆ ಬಂದಾಗ ಕೊಟ್ಟರೆ ತಪ್ಪೆನ್ನಲಾಗದು. ಆದರೆ ಹಾಗೆ ಚೆನ್ನಾದ ಟಗರೆಲ್ಲ ಮರಿ ಬಿಡುವ ಮೊದಲೇ ಹೋಗಿಬಿಟ್ಟರೆ ಬೀಜಕ್ಕೆ ಉಳಿಯುವುದು ಎರಡನೆಯ ದರ್ಜೆಯದು.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ದೇಸಿ ಭತ್ತದ ತಳಿಗಳನ್ನೂ ನೂರಕ್ಕೂ ಹೆಚ್ಚು ಬಗೆಯ ಹಳೆಯ ಮಾವಿನ ಮರಗಳನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಅವರ ಕೆಲಸ ಅಸಾಧಾರಣ. ಕುರಿಯ ವಿಷಯದಲ್ಲಿ ಹೀಗೆ ತಳಿ ಕಾಪಾಡುವುದು ಇನ್ನೂ ಕಷ್ಟ. ಭತ್ತದ ಬೀಜವನ್ನು ಒಣಗಿಸಿ ಕಟ್ಟಿಡಬಹುದು. ಟಗರಿನ ವೀರ್ಯವನ್ನು ಇಡಬೇಕಾದರೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ಸಾರಜನಕ ಬೇಕು. ಅದನ್ನು ಬಳಸುವುದೂ ಹಸುವಿನಷ್ಟು ಸುಲಭವಲ್ಲ, ಏಕೆಂದರೆ ಹೆಣ್ಣು ಕುರಿಯ ಗರ್ಭಕಂಠ ತಿರುಚಿಕೊಂಡಿರುತ್ತದೆ. ಹಾಗಾಗಿ ತಳಿ ಉಳಿಯಬೇಕಾದರೆ ಜೀವಂತ ಮಂದೆಯೇ ಉಳಿಯಬೇಕು. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ತಳಿ ಸಂವರ್ಧನಾ ಕೇಂದ್ರ ಇರುವುದು ಇದಕ್ಕಾಗಿಯೇ.

ಹಾಗಾದರೆ ಯುನೆಸ್ಕೊ ಬಂಡೂರು ಕುರಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳಬಾರದೇಕೆ? ವಿಶ್ವ ಪರಂಪರೆಯ 1972ರ ಒಪ್ಪಂದದಲ್ಲಿ ಅದಕ್ಕೆ ಜಾಗವಿಲ್ಲ. ಆ ಪಟ್ಟಿ ಸ್ಥಳಗಳದ್ದು. ಕದಲದೆ ನಿಂತ ಗುಡಿ, ಕೋಟೆ, ಕಾಡುಗಳಿಗೆ ಮಾತ್ರ ಅಲ್ಲಿ ಪ್ರವೇಶ. 2012ರಲ್ಲಿ ಸೇರಿದ ನಮ್ಮ ಪಶ್ಚಿಮ ಘಟ್ಟವೂ ಹಾಗೆಯೇ. ಆದರೂ ಕುರಿಗಳು ಪಟ್ಟಿಯ ಹೊಸಿಲು ತುಳಿದದ್ದುಂಟು. 2011ರಲ್ಲಿ ಫ್ರಾನ್ಸಿನ ಕೋಸ್–ಸೆವೆನ್ ಪ್ರದೇಶಕ್ಕೆ ಆ ಗೌರವ ಸಿಕ್ಕಿದ್ದು ಅಲ್ಲಿನ ಪಶುಪಾಲಕರು ರೂಪಿಸಿದ ಭೂದೃಶ್ಯಕ್ಕಾಗಿ. 2017ರಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಸೇರಿತು. ಅಲ್ಲಿನ ಬೆಟ್ಟಗಳಲ್ಲಿ ಹರ್ಡ್‌ವಿಕ್ ಎಂಬ ಕುರಿ ತಳಿಯಿದೆ. ಬೇಲಿಯಿಲ್ಲದ ಬೆಟ್ಟದಲ್ಲಿ ತನ್ನ ಮಂದೆಯ ಮೇರೆ ಎಲ್ಲಿಯವರೆಗೆ ಎಂಬುದನ್ನು ಮರಿ ತಾಯಿಯಿಂದಲೇ ಕಲಿಯುತ್ತದೆ. ಮಕ್ಕಳಿಗಾಗಿ ಪೀಟರ್ ಎಂಬ ಮೊಲದ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ಆ ಪುಸ್ತಕಗಳಿಂದ ಬಂದ ಹಣದಲ್ಲಿ ಅಲ್ಲಿ ಜಮೀನು ಕೊಂಡು, ತಾವೇ ಹರ್ಡ್‌ವಿಕ್ ಕುರಿ ಸಾಕಿದರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಜಮೀನನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟರು, ಅಲ್ಲಿ ಅದೇ ತಳಿಯ ಮಂದೆಗಳು ಮುಂದುವರಿಯಬೇಕು ಎಂದು ಉಯಿಲಿನಲ್ಲೇ ಬರೆದರು.

ಅದೇ ತಳಿ 2001ರಲ್ಲಿ ನಡುಗಿಹೋಯಿತು. ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂದು, ಅದನ್ನು ತಡೆಯಲು 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಹರ್ಡ್‌ವಿಕ್ ಕುರಿಗಳ ಬಹುಪಾಲು ಇದ್ದದ್ದು ಒಂದೇ ಸೀಮೆಯಲ್ಲಿ, ರೋಗ ಹೆಚ್ಚು ಹಬ್ಬಿದ್ದೂ ಅಲ್ಲೇ. ಬಂಡೂರು ಕುರಿಯ ತವರೂ ಕೆಲವೇ ತಾಲ್ಲೂಕುಗಳಷ್ಟು ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಕೊಟ್ಟ ವರದಿಯಲ್ಲಿ ಜಗತ್ತಿನ ಸುಮಾರು 8,800 ಸಾಕುಪ್ರಾಣಿ ತಳಿಗಳ ಲೆಕ್ಕವಿದೆ. ಅವುಗಳಲ್ಲಿ ಶೇ 17ರಷ್ಟು ಆಗ ಅಳಿವಿನ ಅಪಾಯದಲ್ಲಿದ್ದವು. ಹುಲಿ, ಆನೆ ಕಡಿಮೆಯಾದರೆ ನಾವು ಕಳವಳಪಡುತ್ತೇವೆ, ಪಡಬೇಕಾದದ್ದೇ. ಕೊಟ್ಟಿಗೆಯಲ್ಲಿರುವ ಜೀವವೈವಿಧ್ಯಕ್ಕೂ ಅಷ್ಟೇ ಕಳವಳ ಸಲ್ಲಬೇಕು.

ಮಂಡ್ಯ ಸೀಮೆಯ ಜನಕ್ಕೆ ಹೀಗೆ ಜೀವ ಕಾಪಾಡುವ ಕೆಲಸ ಗೊತ್ತಿಲ್ಲದ್ದಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಹಕ್ಕಿಗಾಗಿ ಮರ ಉಳಿಸಿಕೊಂಡರು, 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಮರಕ್ಕೆ ಸಿಕ್ಕ ಆ ಅಕ್ಕರೆ ಟಗರಿಗೂ ಸಿಗಬೇಕು.

ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಊರಿನ ಕೊಟ್ಟಿಗೆಗಳಿಗೆ ಒಂದು ಸುತ್ತು ಹೋಗಿ ಬನ್ನಿ. ಯಾರ ಮನೆಯಲ್ಲಿ ಎಷ್ಟು ಕುರಿಗಳಿವೆ, ಅವುಗಳಲ್ಲಿ ಮೇಲೆ ಹೇಳಿದ ಲಕ್ಷಣದವು ಎಷ್ಟು, ಬೀಜಕ್ಕೆ ಬಿಟ್ಟ ಟಗರು ಯಾವ ತಳಿಯದು, ಅದನ್ನು ಎಲ್ಲಿಂದ ತಂದರು ಎಂಬುದನ್ನು ಸಾಕಿದವರನ್ನೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದು ಪ್ರತಿಯನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ, ಇನ್ನೊಂದನ್ನು ಹೋಬಳಿಯ ಪಶು ಆಸ್ಪತ್ರೆಯ ಡಾಕ್ಟರಿಗೆ ಕೊಡಿ. ಊರಿನಲ್ಲಿ ಅಪ್ಪಟ ಟಗರು ಒಂದೂ ಇಲ್ಲವೆಂದರೆ, ಧನಗೂರಿನಿಂದ ತರಿಸಿಕೊಡಿ ಎಂದು ಆ ಡಾಕ್ಟರನ್ನೇ ಕೇಳಿ.