ಹರ್ನಿಯಾ: ಎಳೆಯದೆ ಮುಚ್ಚುವ ವಿದ್ಯೆ

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿರುವ ಮಂಚೇನಹಳ್ಳಿ ನನ್ನ ಊರು. ನಮ್ಮ ದೊಡ್ಡಪ್ಪನವರು ಅಲ್ಲಿ ಕಡಲೆಕಾಯಿ ಮೂಟೆಗಳನ್ನು ಹೊತ್ತು ಲಾರಿಗೇರಿಸುವ ಕೆಲಸ ಮಾಡುತ್ತಿದ್ದರು. ಅವರು ಪಂಚೆಯ ಒಳಗೆ ಹಳೆಯ ಬಟ್ಟೆಯೊಂದನ್ನು ಬಿಗಿದು ಕಟ್ಟಿಕೊಳ್ಳುತ್ತಿದ್ದುದನ್ನು ಮನೆಮಂದಿಯೆಲ್ಲ ಬಲ್ಲೆವು. ಏಕೆಂದು ಮಾತ್ರ ಯಾರೂ ಕೇಳಿರಲಿಲ್ಲ. 1974ರ ಒಂದು ರಾತ್ರಿ ಆ ಕಟ್ಟಿನ ಕೆಳಗಿದ್ದ ಊತ ಕಲ್ಲಿನಂತೆ ಗಟ್ಟಿಯಾಯಿತು. ವಾಂತಿ ಹತ್ತಿತು. ಬೆಳಗಿನ ಜಾವ ಲಾರಿಯೊಂದರಲ್ಲಿ ಮಲಗಿಸಿ ಪಟ್ಟಣದ ಆಸ್ಪತ್ರೆಗೆ ಸಾಗಿಸಿದೆವು. ಒಂದು ಗೇಣಿನಷ್ಟು ಕರುಳು ಸಿಕ್ಕಿಕೊಂಡು, ರಕ್ತಸಂಚಾರ ನಿಂತು ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆದರು, ಜೀವ ಉಳಿಯಿತು. ಹದಿನಾಲ್ಕರ ಹುಡುಗನಾಗಿ ಅಂದು ಜೊತೆಗೆ ಹೋಗಿದ್ದ ನಾನು ಮುಂದೆ ಶಸ್ತ್ರವೈದ್ಯನಾದೆ.

ಜನರು ‘ಕರುಳು ಇಳಿದಿದೆ’ ಎನ್ನುವ ಈ ವ್ಯಾಧಿಗೆ ವೈದ್ಯರು ಹೇಳುವ ಹೆಸರು ಹರ್ನಿಯಾ. ಹೊಟ್ಟೆಯ ಮುಂಭಾಗವು ಸ್ನಾಯುಗಳೂ ಗಟ್ಟಿಯಾದ ಪೊರೆಗಳೂ ಸೇರಿದ ಒಂದು ಗೋಡೆ. ಆ ಗೋಡೆಯಲ್ಲಿ ಹುಟ್ಟಿನಿಂದಲೇ ಕೆಲವು ದುರ್ಬಲ ಸ್ಥಳಗಳಿವೆ. ಗಂಡುಶಿಶು ತಾಯಿಯ ಗರ್ಭದಲ್ಲಿರುವಾಗ ವೃಷಣವು ಹೊಟ್ಟೆಯಿಂದ ಕೆಳಗಿಳಿದು ಬರುವ ತೊಡೆಸಂದಿನ ದಾರಿ ಅವುಗಳಲ್ಲೊಂದು; ಹೊಕ್ಕುಳು ಇನ್ನೊಂದು. ಹಿಂದೆ ಶಸ್ತ್ರಕ್ರಿಯೆಯಾದ ಗಾಯದ ಗುರುತೂ ಮುಂದೆ ಸಡಿಲವಾಗಬಹುದು. ಭಾರ ಎತ್ತುವಾಗ, ಬಹುಕಾಲ ಕೆಮ್ಮುವಾಗ, ಮಲಮೂತ್ರಗಳಿಗೆ ತಿಣುಕುವಾಗ ಒಳಗಿನ ಒತ್ತಡ ಹೆಚ್ಚಿ, ಕೊಬ್ಬಾಗಲಿ ಕರುಳಾಗಲಿ ಆ ಸಂದಿನಲ್ಲಿ ಹೊರಕ್ಕೆ ನುಗ್ಗುತ್ತದೆ. ಮಲಗಿದರೆ ಒಳಗೆ ಸರಿಯುತ್ತದೆ, ಎದ್ದರೆ ಮತ್ತೆ ಉಬ್ಬುತ್ತದೆ.

ನಮ್ಮ ಪ್ರಾಚೀನರು ಇದನ್ನು ಅಂತ್ರವೃದ್ಧಿ ಎಂದು ಕರೆದರು. ಊತ ತೊಡೆಸಂದಿನಲ್ಲೇ ಇದ್ದರೆ ಅರ್ಧಚಂದ್ರಾಕಾರದ ಶಲಾಕೆಯನ್ನು ಕಾಯಿಸಿ ಸುಟ್ಟು ದಾರಿಯನ್ನು ಮುಚ್ಚಬೇಕೆಂದೂ, ವೃಷಣಕೋಶಕ್ಕೆ ಇಳಿದುಬಿಟ್ಟಿದ್ದರೆ ಕೈಹಾಕಬಾರದೆಂದೂ ಸುಶ್ರುತಸಂಹಿತೆ ವಿಧಿಸುತ್ತದೆ. ದಾರಿಯನ್ನು ಮುಚ್ಚಬೇಕೆಂಬ ವಿಚಾರ ಸರಿಯೇ. ಮುಚ್ಚುವ ಬಗೆ ತಿಳಿಯಲು ಮಾತ್ರ ಶತಮಾನಗಳು ಹಿಡಿದವು.

ಇಟಲಿಯ ಪಾದುವಾ ನಗರದ ಎದುವಾರ್ದೊ ಬಾಸ್ಸೀನಿ 1884ರಲ್ಲಿ ತೊಡೆಸಂದಿನ ಪದರಗಳನ್ನು ಬಿಡಿಸಿ ನೋಡಿ, ಮೇಲಿನ ಸ್ನಾಯುವನ್ನು ಕೆಳಗಿನ ತಂತುಪಟ್ಟಿಗೆ ಹೊಲಿದು ಹಿಂಗೋಡೆಯನ್ನು ಮತ್ತೆ ಕಟ್ಟಿದರು. ಆಧುನಿಕ ಚಿಕಿತ್ಸೆ ಆರಂಭವಾದದ್ದು ಅಲ್ಲಿಂದ. 1974ರಲ್ಲಿ ದೊಡ್ಡಪ್ಪನವರಿಗೂ ಇದೇ ಪರಂಪರೆಯ ಹೊಲಿಗೆ ಹಾಕಿದರು. ಈ ಬಗೆಯಲ್ಲಿ ಒಂದು ತೊಡಕುಂಟು. ಪರಸ್ಪರ ದೂರವಿರುವ ಎರಡು ಅಂಚುಗಳನ್ನು ಎಳೆದು ಸೇರಿಸಬೇಕಾಗುತ್ತದೆ. ಮೈಗೆ ಬಿಗಿಯಾದ ಅಂಗಿಯ ಗುಂಡಿ ಹಾಕಿ ಮೂಟೆ ಎತ್ತಿದರೆ ದಾರ ಕೀಳುವಂತೆ, ಎಳೆತಕ್ಕೆ ಸಿಕ್ಕಿದ ಹೊಲಿಗೆ ಅಂಗಾಂಶವನ್ನು ಕೊಯ್ಯುತ್ತದೆ. ದೊಡ್ಡಪ್ಪನವರು ಒಂದೇ ತಿಂಗಳಲ್ಲಿ ಮೂಟೆಗೆ ಹೆಗಲು ಕೊಟ್ಟರು. ಕೆಲವು ವರ್ಷಗಳಲ್ಲಿ ಊತ ಮರಳಿ ಬಂದಿತು. ಹಳೆಯ ಬಟ್ಟೆಯೂ ಸೊಂಟಕ್ಕೆ ಮರಳಿತು.

ಈ ಎಳೆತವನ್ನೇ ನಿವಾರಿಸುವುದು ಮುಂದಿನ ಹೆಜ್ಜೆ. ಅಮೆರಿಕದ ಫ್ರಾನ್ಸಿಸ್ ಅಷರ್ 1958ರಲ್ಲಿ ಪ್ಲಾಸ್ಟಿಕ್ ಎಳೆಗಳ ಬಲೆಯನ್ನು ಬಳಕೆಗೆ ತಂದರು. 1980ರ ದಶಕದಲ್ಲಿ ಇರ್ವಿಂಗ್ ಲಿಕ್ಟನ್‌ಸ್ಟೈನ್, ಅಂಚುಗಳನ್ನು ಎಳೆಯುವ ಬದಲು ಸಂದಿನ ಮೇಲೆ ಬಲೆಯನ್ನು ತೇಪೆಯಂತೆ ಹಾಸಿ ಹೊಲಿಯುವ ಕ್ರಮವನ್ನು ರೂಢಿಗೆ ತಂದರು. ಬಲೆಯ ಕಣ್ಣುಗಳೊಳಗೆ ದೇಹದ ತಂತುಗಳೇ ಬೆಳೆದು ಗೋಡೆ ಗಟ್ಟಿಯಾಗುತ್ತದೆ.

1996ರಲ್ಲಿ ದೊಡ್ಡಪ್ಪನವರಿಗೆ, ಆ ಜಾಗವನ್ನಷ್ಟೇ ಮರಗಟ್ಟಿಸಿ, ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬಲೆ ಹಾಕಿದರು. ನಾನು ತಲೆಯ ಬಳಿ ನಿಂತಿದ್ದೆ. ಎಚ್ಚರವಾಗಿಯೇ ಇದ್ದ ಅವರು ಕೇಳಿದರು: “ಬಲೆ ಅಂತೀರಲ್ಲಪ್ಪ, ತುಕ್ಕು ಹಿಡಿಯಲ್ವಾ?” ಅದು ಕಬ್ಬಿಣದ್ದಲ್ಲ, ನೈಲಾನ್ ಹಗ್ಗದ ಜಾತಿಯದು ಎಂದೆ. “ಹಗ್ಗವಾದರೆ ನಂಬಬಹುದು” ಎಂದರು.

ಅಂದು ಆಮದಾದ ಬಲೆಯ ಬೆಲೆ ಬಡವರಿಗೆ ಎಟುಕುವಂತಿರಲಿಲ್ಲ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ ತೋಂಗಾವ್‌ಕರ್, ಸೊಳ್ಳೆಪರದೆಯ ಬಟ್ಟೆಯನ್ನು ಶಾಸ್ತ್ರೋಕ್ತವಾಗಿ ಕ್ರಿಮಿರಹಿತಗೊಳಿಸಿ ಬಳಸಿದರು. ಇತರ ವೈದ್ಯರೊಡನೆ ಪಡೆದ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. 2016ರಲ್ಲಿ ಉಗಾಂಡದಲ್ಲಿ 302 ಗಂಡಸರ ಮೇಲೆ ನಡೆದ ಪರೀಕ್ಷೆಯ ವರದಿ ಬಂದಿತು. ಒಂದು ವರ್ಷದಲ್ಲಿ ಅಗ್ಗದ ಬಲೆಯವರಲ್ಲಿ ಒಬ್ಬರಿಗೆ ಮಾತ್ರ ಹರ್ನಿಯಾ ಮರುಕಳಿಸಿತ್ತು. ದುಬಾರಿ ಬಲೆಯವರಲ್ಲಿ ಯಾರಿಗೂ ಇಲ್ಲ. ಎರಡಕ್ಕೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ.

ಇಂದು ಇನ್ನೊಂದು ದಾರಿಯೂ ಇದೆ. ಪೂರ್ಣ ಅರಿವಳಿಕೆ ಕೊಟ್ಟು, ಮೂರು ಸಣ್ಣ ರಂಧ್ರಗಳ ಮೂಲಕ ದೂರದರ್ಶಕ ನಳಿಗೆಯನ್ನೂ ಉಪಕರಣಗಳನ್ನೂ ತೂರಿಸಿ, ಬಲೆಯನ್ನು ಗೋಡೆಯ ಒಳಬದಿಯಿಂದ ಹಾಸುತ್ತಾರೆ. ಎರಡೂ ಕಡೆ ಹರ್ನಿಯಾ ಇರುವವರಿಗೆ, ಹೊರಗಿನಿಂದ ಹೊಲಿದದ್ದು ಬಿಚ್ಚಿಕೊಂಡವರಿಗೆ ಇದು ಅನುಕೂಲ. ಹೊಟ್ಟೆಯ ಹಳೆಯ ಗಾಯ ದೊಡ್ಡದಾಗಿ ತೆರೆದುಕೊಂಡಿದ್ದರೆ, ಸ್ನಾಯುವಿನ ಹಿಂದೆ ಅಗಲವಾದ ಬಲೆ ಹಾಸುವ ಪದ್ಧತಿಯುಂಟು. ಹೊಕ್ಕುಳಿನ ತೀರ ಸಣ್ಣ ರಂಧ್ರಕ್ಕೆ ಹೊಲಿಗೆಯೇ ಸಾಕಾಗಬಹುದು.

ಬಲೆಯೂ ನಿರ್ದೋಷಿಯಲ್ಲ. ಕೆಲವರಿಗೆ ನೋವು ಬಹುಕಾಲ ಉಳಿಯುತ್ತದೆ, ಅಪರೂಪಕ್ಕೆ ಕೀವಾಗುತ್ತದೆ. ಕೆನಡಾದ ಶೋಲ್ಡೈಸ್ ಆಸ್ಪತ್ರೆ ಪದರದ ಮೇಲೆ ಪದರ ಹೊಲಿಯುವ ಬಲೆರಹಿತ ಕ್ರಮಕ್ಕೇ ಹೆಸರಾಗಿದೆ. ಆದಕಾರಣ ಎಲ್ಲರಿಗೂ ಒಂದೇ ವಿಧಾನವೆಂಬುದಿಲ್ಲ. ರೋಗಿಯ ದೇಹ, ದುಡಿಮೆ, ವೈದ್ಯನ ಕೈಪಳಗು ಮೂರನ್ನೂ ತೂಗಿ ನಿರ್ಧರಿಸಬೇಕು.

ಎಲ್ಲರಿಗೂ ಕೂಡಲೇ ಶಸ್ತ್ರಕ್ರಿಯೆ ಬೇಕೆ? ನೋವಿಲ್ಲದ ಗಂಡಸರು ವೈದ್ಯರ ನಿಗಾದಲ್ಲಿ ಕಾಯಬಹುದೆಂದು 720 ಮಂದಿಯನ್ನು ಗಮನಿಸಿದ ಅಮೆರಿಕದ ಅಧ್ಯಯನ 2006ರಲ್ಲಿ ತೋರಿಸಿತು. ಕಾದವರಲ್ಲಿ ಹೆಚ್ಚಿನವರು ಹತ್ತು ವರ್ಷಗಳೊಳಗೆ ಶಸ್ತ್ರಕ್ರಿಯೆಗೆ ಬಂದದ್ದೂ ನಿಜ. ಹೆಂಗಸರ ತೊಡೆಸಂದಿನ ಹರ್ನಿಯಾದಲ್ಲಿ ಮಾತ್ರ ಕರುಳು ಸಿಕ್ಕಿಬೀಳುವ ಭಯ ಹೆಚ್ಚು. ಅಲ್ಲಿ ಕಾಯುವುದು ಸಲ್ಲದು. ಯಾರಿಗೇ ಆಗಲಿ, ಊತ ಒಳಗೆ ಸರಿಯದೆ ಗಟ್ಟಿಯಾಗಿ, ನೋವೂ ವಾಂತಿಯೂ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಮೇಲಿನಿಂದ ಒತ್ತಿ ತಳ್ಳಲೂ ಬೇಡಿ.

ಎರಡನೆಯ ಶಸ್ತ್ರಕ್ರಿಯೆಯ ಮರುದಿನ ಊರಿಗೆ ಹೊರಟಾಗ, ಮೊದಲು ಎಷ್ಟು ವರ್ಷ ಅದನ್ನು ಬಚ್ಚಿಟ್ಟಿದ್ದಿರಿ ಎಂದು ದೊಡ್ಡಪ್ಪನವರನ್ನು ಕೇಳಿದೆ. ಹನ್ನೊಂದು ವರ್ಷ ಎಂದರು. “ಆ ಜಾಗದ್ದು ಯಾರಿಗೆ ಹೇಳೋದು ಕಣಪ್ಪ, ನಾಚಿಕೆ.” ಅಷ್ಟೂ ವರ್ಷ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಕೇಳಬಹುದಾಗಿತ್ತು.