ವಕೀಲ ಅನ್ನುವ ಪದ ನಮ್ಮದೇ, ಕಪ್ಪು ಕೋಟು ಮಾತ್ರ ದೂರ

ಫಳ್ನೀರಿನಿಂದ ಜ್ಯೋತಿ, ಬಂಟ್ಸ್ ಹಾಸ್ಟೆಲ್ ದಾಟಿ ಕರಂಗಲ್ಪಾಡಿಯ ಕೋರ್ಟಿಗೆ ಹೆಚ್ಚು ದಾರಿ ಇಲ್ಲ. ಆದರೂ ನಮ್ಮ ಮನೆಗಳಿಗೆ ದುಬೈ ಹತ್ತಿರ, ಕೋರ್ಟು ದೂರ. ಹೆಸರು ಎತ್ತಿದರೆ ಸಾಕು, "ಅದೆಲ್ಲ ನಮಗೆ ಬೇಡ ಉಸ್ತಾದರೇ" ಅಂತಾರೆ. ತಮಾಷೆ ಏನೆಂದರೆ ಅಲ್ಲಿ ದಿನಾ ಕೇಳುವ ಎಷ್ಟೋ ಪದಗಳು ಅರಬಿಯಿಂದಲೇ ಬಂದವು. ವಕೀಲ, ವಕಾಲತ್ತು, ದಾವೆ, ವಾರಸು, ಜಪ್ತಿ, ಅದಾಲತ್ತು, ಅಮೀನ. 'ಅಲ್ ವಕೀಲ್' ಅಲ್ಲಾಹನ ನಾಮಗಳಲ್ಲೊಂದು. ಮಗಳ ನಿಕಾಹ್ ನಡೆಸಿಕೊಡಲು ತಂದೆ ಖತೀಬರಿಗೆ ವಕಾಲತ್ ಕೊಡುವುದನ್ನು ನಾವೆಲ್ಲ ನೋಡಿದ್ದೇವೆ.

ದರ್ಸ್‌ಗಳಲ್ಲಿ ಓದುವ ಫತ್‌ಹುಲ್ ಮುಈನ್‌ನಲ್ಲಿ ವಕಾಲತ್‌ಗೇ ಒಂದು ಅಧ್ಯಾಯ ಉಂಟು. ವಕೀಲ ಅಮಾನತ್ ಹೊತ್ತವನು, ಒಪ್ಪಿಸಿದ್ದಕ್ಕಿಂತ ಆಚೆ ಕೈ ಹಾಕುವಂತಿಲ್ಲ. ಅಲಿ(ರ) ಅವರು ತಮ್ಮ ವ್ಯಾಜ್ಯಗಳಿಗೆ ಸಹೋದರ ಅಖೀಲ್(ರ) ಅವರನ್ನು, ಅವರಿಗೆ ವಯಸ್ಸಾದ ಮೇಲೆ ಅಣ್ಣನ ಮಗ ಅಬ್ದುಲ್ಲಾ ಬಿನ್ ಜಅಫರ್(ರ) ಅವರನ್ನು ವಕೀಲರನ್ನಾಗಿ ಕಳಿಸುತ್ತಿದ್ದರೆಂದು ಫಿಕ್‌ಹ್ ಗ್ರಂಥಗಳು ಹೇಳುತ್ತವೆ.

ಹಾಗಾದರೆ ಇದು ಕೈತಪ್ಪಿದ್ದು ಎಲ್ಲಿ? 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಕರಾವಳಿ ಕಂಪೆನಿಯ ವಶವಾಯಿತು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಕಂಪೆನಿಯ ಕೋರ್ಟುಗಳಲ್ಲಿ ಮೊದಮೊದಲು ಖಾಝಿ, ಮುಫ್ತಿಗಳು ಸರಕಾರದ ಅಧಿಕಾರಿಗಳಾಗಿಯೇ ಇದ್ದರು. ಮುಸ್ಲಿಮರ ವಿಷಯ ಬಂದಾಗ ಅವರ ಅಭಿಪ್ರಾಯ ಕೇಳಿ ಜಡ್ಜ್ ತೀರ್ಪು ಕೊಡುತ್ತಿದ್ದರು. 1864ರ ಕಾಯಿದೆ ಆ ಹುದ್ದೆಗಳನ್ನು ತೆಗೆದುಹಾಕಿತು. 1880ರಲ್ಲಿ ಖಾಝಿಗಳ ಕಾಯಿದೆ ಬಂತು, ಆದರೆ ನ್ಯಾಯ ತೀರ್ಮಾನದ ಅಧಿಕಾರ ಅದರಲ್ಲಿ ಇರಲಿಲ್ಲ. ಹೊಸ ವಕೀಲಿಕೆಗೆ ಇಂಗ್ಲಿಷ್ ಬೇಕಿತ್ತು. ನಮ್ಮ ಹಿರಿಯರು ವ್ಯಾಪಾರದಲ್ಲಿದ್ದರು, ಇಂಗ್ಲಿಷ್ ಶಾಲೆ ಎಂದರೆ ಅಂಜಿಕೆ. ಅದೇ ಕಾಲದಲ್ಲಿ ಮಂಗಳೂರಿನ ಬೇರೆ ಸಮುದಾಯದವರು ಕೋರ್ಟಿನಿಂದಲೇ ಮೇಲೆ ಬಂದರು. ಕುದ್ಮುಲ್ ರಂಗರಾವ್, ಕಾರ್ನಾಡ್ ಸದಾಶಿವ ರಾವ್ ಇಬ್ಬರೂ ವಕೀಲರು. ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟ್ ತನಕ ಹೋದರು, 1973ರಲ್ಲಿ ಹಿರಿತನ ಕಡೆಗಣಿಸಿದರೆಂದು ರಾಜೀನಾಮೆ ಕೊಟ್ಟು ಬಂದರು.

ಮೊದಲು ಪ್ಲೀಡರ್, ವಕೀಲ, ಬ್ಯಾರಿಸ್ಟರ್ ಎಂದು ದರ್ಜೆಗಳಿದ್ದವು. 1961ರ ಅಡ್ವೊಕೇಟ್ಸ್ ಕಾಯಿದೆ ಎಲ್ಲರನ್ನೂ ಒಂದೇ ಸಾಲಿಗೆ ತಂದಿತು. ಓದಲಿಕ್ಕೂ ಮದ್ರಾಸಿನಂಥ ದೂರದ ಊರಿಗೆ ಹೋಗಬೇಕಾಗಿಲ್ಲ. ಉಡುಪಿಯಲ್ಲಿ 1957ರಲ್ಲಿ, ಮಂಗಳೂರಿನಲ್ಲಿ 1974ರಲ್ಲಿ ಎಸ್‌ಡಿಎಂ ಕಾನೂನು ಕಾಲೇಜು ಬಂತು. ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಅಬ್ದುಲ್ ನಝೀರ್ ಓದಿದ್ದು ಇದೇ ಎಸ್‌ಡಿಎಂನಲ್ಲಿ. 1983ರಲ್ಲಿ ವಕೀಲರಾದರು, 2003ರಲ್ಲಿ ಹೈಕೋರ್ಟ್ ನ್ಯಾಯಾಧೀಶರು, 2017ರಲ್ಲಿ ಸುಪ್ರೀಂ ಕೋರ್ಟ್. ತ್ರಿವಳಿ ತಲಾಖ್ ಪೀಠದಲ್ಲಿ ಅವರು ಬಹುಮತದ ಜೊತೆ ನಿಲ್ಲಲಿಲ್ಲ. ಅಯೋಧ್ಯೆ ಪೀಠದಲ್ಲೂ ಇದ್ದರು, ಆ ಬಗ್ಗೆ ನಮ್ಮವರಲ್ಲಿ ಬೇರೆ ಬೇರೆ ಮಾತುಂಟು. ಅದೇನೇ ಇರಲಿ, ಬೆಳುವಾಯಿಯಿಂದ ದಿಲ್ಲಿಗೆ ದಾರಿ ಉಂಟು ಎಂಬುದಂತೂ ಗೊತ್ತಾಯಿತು.

ಈಗ ನಮ್ಮ ಬೀದಿಯ ಮಾತಿಗೆ ಬರುವ. ಫಳ್ನೀರಿನ ಹಂಚಿನ ಮನೆಗಳು ಒಂದೊಂದೇ ಫ್ಲ್ಯಾಟ್ ಆಗುತ್ತಿವೆ. ಅಜ್ಜ ತೀರಿ ಮೂವತ್ತು ವರ್ಷ ಆಗಿರುತ್ತದೆ, ಆಸ್ತಿ ಭಾಗ ಆಗಿರುವುದಿಲ್ಲ. ಬಿಲ್ಡರ್ ಕಾಗದ ಹಿಡಿದು ಬಂದಾಗಲೇ ವಾರಸುದಾರರ ಲೆಕ್ಕ. 1937ರ ಶರೀಅತ್ ಕಾಯಿದೆ ನಮ್ಮ ಮೀರಾಸ್ ಅನ್ನು ಒಪ್ಪಿಕೊಂಡಿದೆ, ಅದರಂತೆ ಮಗಳಿಗೂ ಪಾಲುಂಟು. ಆದರೆ ನಡೆಯುವುದು ಏನು? "ನೀನು ಇಲ್ಲಿ ಒಂದು ರುಜು ಹಾಕು" ಅಂತ ಕಾಕ ಹೇಳ್ತಾರೆ, ಆಕೆ ಓದದೆ ಹಾಕ್ತಾಳೆ. ಅದು ಹಕ್ಕು ಬಿಡುಗಡೆ ಪತ್ರ ಎಂದು ತಿಳಿಯುವಾಗ ಮೂರನೇ ಮಹಡಿಗೆ ಸ್ಲ್ಯಾಬ್ ಬಿದ್ದಿರುತ್ತದೆ. ಫರಾಯಿಝ್ ಕಲಿಸುವ ನಮಗೆ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ.

ಜಮಾಅತ್‌ನಲ್ಲಿ ಮುಗಿಸಿದೆವಲ್ಲ ಎನ್ನುವವರಿದ್ದಾರೆ. ಮುಗಿಸುವುದು ಒಳ್ಳೆಯದೇ, ಸುಲ್‌ಹ್ ದೀನ್‌ನ ದಾರಿ. ಆದರೆ ಫತ್ವಾಕ್ಕೂ ಇಂಥ ತೀರ್ಮಾನಗಳಿಗೂ ಕಾನೂನಿನ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಇಷ್ಟವಿದ್ದವರು ಪಾಲಿಸಬಹುದು, ಬಲವಂತ ಮಾಡುವಂತಿಲ್ಲ. ಅಣ್ಣ ನಾಳೆ ಮಾತು ತಪ್ಪಿದರೆ ತಂಗಿಯ ಕೈಯಲ್ಲಿ ಏನೂ ಇರುವುದಿಲ್ಲ. ಮಸೀದಿಯಲ್ಲಿ ಒಪ್ಪಿದ್ದನ್ನೇ ಭಾಗಪತ್ರ ಮಾಡಿ ರಿಜಿಸ್ಟರ್ ಮಾಡಿಸಬಹುದು. ಕೇಸ್ ಆಗಿದ್ದರೆ ಲೋಕ ಅದಾಲತ್ ಉಂಟು, ಅಲ್ಲಿಯ ರಾಜಿ ಕೋರ್ಟಿನ ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲ್ ಇಲ್ಲ.

ದುಡ್ಡಿಲ್ಲದೆ ಸುಮ್ಮನಾದ ತಾಯಂದಿರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ ಉಚಿತ ವಕೀಲರನ್ನು ಕೊಡಬೇಕು, ಆದಾಯದ ಮಿತಿ ಅವರಿಗಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು, ಸಹಾಯವಾಣಿ 15100.

ಇನ್ನು ಹೆಣ್ಣುಮಕ್ಕಳು ಕೋರ್ಟಿಗಾ ಅಂತ ಕೇಳುವವರಿಗೆ: ಹೆಂಗಸರು ವಕೀಲರಾಗಲು ಇದ್ದ ಅಡ್ಡಿಯನ್ನು ಕಾನೂನು ತೆಗೆದದ್ದು 1923ರಲ್ಲಿ, ನೂರು ವರ್ಷ ದಾಟಿತು. ಖುಲ, ಜೀವನಾಂಶದ ಸಂಕಟವನ್ನು ಗಂಡಸಿನ ಮುಂದೆ ಬಿಡಿಸಿ ಹೇಳಲಾಗದೆ ಎದ್ದು ಹೋಗುವ ಹುಡುಗಿಯರು ಎಷ್ಟಿಲ್ಲ. ಪಿಯುಸಿ ಆದ ಮೇಲೆ ಐದು ವರ್ಷದ ಎಲ್‌ಎಲ್‌ಬಿಗೆ ಸೈನ್ಸೇ ಬೇಕೆಂದಿಲ್ಲ, ಕಾಮರ್ಸ್, ಆರ್ಟ್ಸ್ ಓದಿದವರೂ ಸೇರಬಹುದು. ಈ ಸಲದ ರಿಸಲ್ಟ್ ಬಂದಾಗ ಮದ್ರಸದಿಂದ ಹೋದ ಮಕ್ಕಳ ಮನೆಗಳಿಗೆ ನಾವು ಇದನ್ನೇ ಹೇಳಲು ಹೊರಟಿದ್ದೇವೆ.